ಟ್ರೋಫಿ ಕೊಡಲು ಬಂದವರಿಗೆ 'ಬೂ'

2015ರ ಮಾರ್ಚ್ 29ರಂದು ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಕ್ರಿಕೆಟ್ ಫೈನಲ್ ಮುಗಿದಿತ್ತು. ಗೆದ್ದ ಆಸ್ಟ್ರೇಲಿಯಾಕ್ಕೆ ಟ್ರೋಫಿ ನೀಡಲು ಐ.ಸಿ.ಸಿ. ಕಾರ್ಯಾಧ್ಯಕ್ಷ ಎನ್. ಶ್ರೀನಿವಾಸನ್ ಬಂದಾಗ ಪ್ರೇಕ್ಷಕರು 'ಬೂ' ಎಂದು ಕೂಗಿದರು. ಹಿತಾಸಕ್ತಿ ಸಂಘರ್ಷದ ಕಾರಣಕ್ಕೆ ಅವರು ಬಿ.ಸಿ.ಸಿ.ಐ. ಚುನಾವಣೆಗೆ ನಿಲ್ಲದಂತೆ ಸುಪ್ರೀಂ ಕೋರ್ಟ್ ತಡೆದು ಆಗಿನ್ನೂ ಎರಡು ತಿಂಗಳು. ಟ್ರೋಫಿ ಕೊಡುವ ಹಕ್ಕು ತಮ್ಮದೆಂದ ಅಧ್ಯಕ್ಷ ಮುಸ್ತಫಾ ಕಮಾಲ್ ಏಪ್ರಿಲ್ 1ರಂದು ರಾಜೀನಾಮೆಯನ್ನೇ ಕೊಟ್ಟರು. ಆಟಗಾರರು ಬೆವರು ಸುರಿಸಿದ ಅಂಗಳದಲ್ಲಿ ಪದಾಧಿಕಾರಿಗಳಿಗೆ ಎಂಥ ಪೈಪೋಟಿ!

ಚಪ್ಪಾಳೆ ಕುರ್ಚಿಗೆ ಸಿಗುವುದಲ್ಲವೆಂದು ಶಿವಮೊಗ್ಗ, ಭದ್ರಾವತಿಯ ಕ್ರಿಕೆಟ್ ಪ್ರಿಯರಿಗೆ ಹೇಳಿಕೊಡಬೇಕಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1980ರ ಮುಂಬಯಿ ಟೆಸ್ಟಿನಲ್ಲಿ ಭಾರತದ ನಾಯಕರು. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅವರೇ ಮರಳಿ ಕರೆದರು. ಟೇಲರ್ ನೆಲೆಯೂರಿ ಆಡಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆ ಸೋಲನ್ನು ಊರಿನವರು ಇಂದಿಗೂ ಹೆಮ್ಮೆಯಿಂದಲೇ ಹೇಳುತ್ತಾರೆ.