ಬಚ್ಚಲ ನೀರು, ಮಲ್ಲಿಗೆ ಬಳ್ಳಿ

"ಹೊತ್ತು ಎಲ್ಲೈತಿ ಯವ್ವಾ?"

ಹೂವಿನ ಗಿಡ ಹಚ್ಚರಿ ಅಂದರೆ ನಾವು ಮೊದಲು ಕೇಳೋದು ಇದನ್ನೇ. ನಸುಕಿನಾಗ ಏಳಬೇಕು. ನೀರು ತರಬೇಕು. ರೊಟ್ಟಿ ಬಡಿಯಬೇಕು. ಕಂಪ್ಲಿ ಕಡೆ ಇದ್ದರೆ ಭತ್ತದ ನಾಟಿಗೆ ಹೋಗಬೇಕು. ಹೊಸಪೇಟೆ ಕಡೆ ಇದ್ದರೆ ಕಬ್ಬು, ಬಾಳೆ ತೋಟದ ಕೂಲಿ. ಸಂಜೆ ಬಂದರೆ ಮತ್ತೆ ಒಲೆ. ಇದರ ನಡುವೆ ಹೂವು, ಹೊಲಿಗೆ ಅಂದರೆ ಅದು ಹೊಟ್ಟೆ ತುಂಬಿದವರ ಮಾತು ಅನಿಸುತ್ತದೆ.

ಆದರೆ ನಮ್ಮ ಸೀಮೆಯ ಹಳೆಯ ಕತೆ ಬೇರೆ ಐತಿ. 1443ರಲ್ಲಿ ಪರ್ಷಿಯಾ ದೇಶದಿಂದ ಅಬ್ದುಲ್ ರಜಾಕ್ ಎಂಬ ರಾಯಭಾರಿ ಹಂಪಿಗೆ ಬಂದ. ಆಗ ಅದು ವಿಜಯನಗರದ ರಾಜಧಾನಿ. ಅವನು ಪೇಟೆಯಲ್ಲೆಲ್ಲ ಗುಲಾಬಿ ಮಾರುವುದನ್ನು ಕಂಡ. ಇಲ್ಲಿಯ ಜನಕ್ಕೆ ಹೂವು ಊಟದಷ್ಟೇ ಬೇಕು ಅಂತ ತನ್ನ ಪುಸ್ತಕದಲ್ಲಿ ಬರೆದ. ಅಂದರೆ ಹೂವಿನ ಆಸೆ ನಮಗೆ ಹೊಸದಲ್ಲ.

ಹೂವಿನ ಹಡಗಲಿ ನಮ್ಮ ಪಕ್ಕದಲ್ಲೇ ಇದೆ. ಹಿಂದೆ ಅಲ್ಲಿಂದ ತುಂಗಭದ್ರೆಯ ಹೊಳೆಯಲ್ಲಿ ಹಂಪಿಯ ವಿರೂಪಾಕ್ಷನಿಗೆ ಹೂವು ಬರುತ್ತಿತ್ತು, ಅದಕ್ಕೇ ಊರಿಗೆ ಆ ಹೆಸರು ಬಂತು ಅಂತ ಹಿರಿಯರು ಹೇಳುತ್ತಾರೆ. ಹಡಗಲಿ ಮಲ್ಲಿಗೆಯ ಹೆಸರು ಇಂದಿಗೂ ದೊಡ್ಡದು. ಅಂಥ ಸೀಮೆಯಲ್ಲಿ ಹುಟ್ಟಿ ನಾವು ಒಂದು ಮೊಳ ಹೂವಿಗೆ ಚೌಕಾಶಿ ಮಾಡುತ್ತ ನಿಲ್ಲುತ್ತೇವೆ!

ಮಲ್ಲಿಗೆಗೆ ಎಕರೆ ಜಮೀನು ಬೇಡ. ಬಚ್ಚಲ ಹಿಂದೆ ಎರಡು ಮೊಳ ಜಾಗ ಸಾಕು. ಮಳೆಗಾಲದಲ್ಲಿ ಗೆಳತಿಯ ಮನೆಯ ಬಳ್ಳಿಯ ಒಂದು ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ. ನಡುಭಾಗವನ್ನು ಮಣ್ಣಲ್ಲಿ ಹೂತು, ಮೇಲೆ ಒಂದು ಕಲ್ಲು ಇಡಿ. ತುದಿ ಮಾತ್ರ ಹೊರಗಿರಲಿ. ಕೆಲವು ವಾರಗಳಲ್ಲಿ ಅದು ಬೇರು ಬಿಡುತ್ತದೆ. ಆಮೇಲೆ ತಾಯಿ ಬಳ್ಳಿಯಿಂದ ಕತ್ತರಿಸಿ ತಂದು ನೆಡಿ. ದುಂಡು ಮಲ್ಲಿಗೆಯಾದರೆ ಚಳಿಗಾಲದಲ್ಲಿ ಗಿಡದ ತುದಿ ಕತ್ತರಿಸಬೇಕು. ಕತ್ತರಿಸೋಕೆ ಜೀವ ಬರೋದಿಲ್ಲ, ನಿಜ. ಆದರೆ ಕತ್ತರಿಸಿದಲ್ಲೇ ಹೊಸ ಚಿಗುರು ಬರುತ್ತದೆ. ಆ ಚಿಗುರಿನಲ್ಲೇ ಬೇಸಿಗೆಯ ಮೊಗ್ಗು.

ನೀರಿನದೇ ಚಿಂತೆ ಅಂತೀರಾ? ಕುಡಿಯುವ ನೀರು ಗಿಡಕ್ಕೆ ಹಾಕಬೇಕಾಗಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮಲ್ಲಿಗೆಗೆ, ಸೊಪ್ಪಿಗೆ ಹಾಕಿ. ಬಚ್ಚಲ ನೀರು ಬಾಳೆಗೆ ಹೋಗಲಿ. ಬಾಳೆ ಎಷ್ಟು ನೀರಿದ್ದರೂ ಕುಡಿಯುತ್ತದೆ. ಬಟ್ಟೆ ಒಗೆಯುವ ಪುಡಿಯ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡಬೇಡಿ. ನೀರು ಎಲ್ಲೂ ನಿಲ್ಲಬಾರದು. ನಿಂತರೆ ಸೊಳ್ಳೆ, ಸೊಳ್ಳೆಯಿಂದ ಡೆಂಗಿ.

ಹಂಪಿಯಲ್ಲಿ ತುರ್ತಾ ಕಾಲುವೆ ಅಂತ ಒಂದು ಐತಿ. ಅರಸರ ಕಾಲದ್ದು. ಇಂದಿಗೂ ಅದರ ನೀರಿಗೆ ಬಾಳೆ, ಭತ್ತ ಬೆಳೆಯುತ್ತಾರೆ. ಕಲ್ಲು ಕಾದು ಕೆಂಡವಾಗುವ ಊರಿನಲ್ಲಿ ಆ ಹಸಿರು ನೋಡಿದರೆ ಕಣ್ಣಿಗೆ ತಂಪು. ನಮ್ಮ ಬಚ್ಚಲಿನಿಂದ ಬಾಳೆ ಬುಡಕ್ಕೆ ತೋಡಿದ ಗೇಣುದ್ದದ ಕಾಲುವೆಯೂ ಅದೇ ಕೆಲಸ ಮಾಡುತ್ತದೆ.

ಹೂವಿನ ಜೊತೆ ಒಂದು ನುಗ್ಗೆ, ಒಂದು ಕರಿಬೇವು ಇರಲಿ. ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಇದೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಅದು ಬೇಕು. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಸಂಡೂರಿನ ಗಣಿ ಲಾರಿ ಓಡಾಡುವ ದಾರಿಯ ಬದಿಯಲ್ಲಿ ಮನೆ ಇದ್ದರೆ ಎಲೆ ಮೇಲೆ ಕೆಂಪು ಧೂಳು ಕೂತಿರುತ್ತದೆ. ಸೊಪ್ಪನ್ನು ಮೂರು ಸಲ ತೊಳೆಯಿರಿ.

ಹುಳ ಬಿದ್ದರೆ ಅಂಗಡಿಗೆ ಓಡಬೇಡಿ. 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿ ನೆನೆ ಹಾಕಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕರಗಿಸಿ. ಸಂಜೆ ಹೊತ್ತು ಗಿಡಕ್ಕೆ ಚಿಮುಕಿಸಿ.

ಇನ್ನು ಕಣ್ಣಿಗೆ ಕಾಣುವ ಸುಖ. ಇದಕ್ಕೆ ಕಾಸು ಬೇಡ. ಮುಂಗಾರು ಬಿದ್ದ ಮೇಲೆ ಸಂಡೂರಿನ ಗುಡ್ಡಗಳನ್ನು ನೋಡಿರಿ. ಕೆಂಪು ಮಣ್ಣು ಕಾಣದ ಹಾಗೆ ಹಸಿರು ಹೊದ್ದಿರುತ್ತವೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಈ ಊರನ್ನು ನೋಡಬೇಕು ಅಂತ ಅವರು ಅಂದಿದ್ದರಂತೆ. ನಾವು ಇಲ್ಲೇ ಇದ್ದೂ, ಸೌದೆ ಹೊರೆ ಹೊತ್ತು ತಲೆ ಬಗ್ಗಿಸಿಕೊಂಡೇ ಗುಡ್ಡ ಇಳಿಯುತ್ತೇವೆ. ಪಂಚಮಿಗೆ ಮಾತ್ರ ಜೋಕಾಲಿ ಕಟ್ಟಿ ತಲೆ ಎತ್ತುತ್ತೇವೆ.

ಬೇಸಿಗೆ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗೋದಿಲ್ಲ. ಅದು ಕೌದಿಯ ಹೊತ್ತು. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿ ಎಲ್ಲ ಪದರು ಹಾಕಿ, ನಾಲ್ಕು ಮಂದಿ ಸುತ್ತ ಕೂತು ಅಂಚಿನಿಂದ ಒಳಗೆ ಹೊಲಿಯುತ್ತ ಬರುವುದು. ಬಣ್ಣದ ಪಕ್ಕ ಯಾವ ಬಣ್ಣ ಇಡಬೇಕು ಅಂತ ಅಲ್ಲಿ ಯಾರೂ ನಮಗೆ ಹೇಳೋದಿಲ್ಲ. ತೀರಿಹೋದ ಅವ್ವನ ಸೀರೆಯ ತುಂಡು ಕೌದಿಯ ನಡುವೆ ಕೂತರೆ, ಮೊಮ್ಮಕ್ಕಳು ಅದನ್ನು ಹೊದ್ದು ಮಲಗುತ್ತವೆ. ನಮ್ಮ ಮಟ್ಟಿಗೆ ಅಂಗಡಿಯ ಯಾವ ರಗ್ಗೂ ಇದಕ್ಕೆ ಸಮವಲ್ಲ.

ಸಂಡೂರಿನ ಲಂಬಾಣಿ ಅಕ್ಕಂದಿರು ಹೀಗೇ ಬಿಡುವಿನಲ್ಲಿ ಕನ್ನಡಿ, ಕವಡೆ ಕೂಡಿಸಿ ತಮ್ಮ ಬಟ್ಟೆಗೆ ಕಸೂತಿ ಹಾಕುತ್ತಿದ್ದರು. ಮಾರೋಕಲ್ಲ, ಉಡೋಕೆ. 1980ರ ದಶಕದಿಂದ ಸಂಡೂರು ಕುಶಲ ಕಲಾ ಕೇಂದ್ರ ಅವರ ಕೈಗೆ ಆ ಕೆಲಸದ ಕೂಲಿಯನ್ನೂ ತಂದಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ಕಸೂತಿಗಳನ್ನು ಒಟ್ಟಿಗೆ ಇಟ್ಟು ತೋರಿಸಿದರು. 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸ ಅದು. ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಸೇರಿತು. ದುಡ್ಡು ಬಂದರೆ ಒಳ್ಳೇದೇ. ಆದರೆ ಎಲ್ಲ ಹೊಲಿಗೆಯನ್ನೂ ಮಾರಲೇಬೇಕು ಅಂತ ಇಲ್ಲ. ನಮಗಾಗಿ ಹಾಕಿಕೊಂಡ ಒಂದು ಹೂವಿಗೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. "ಸುಮ್ಮನೆ ಕೂತಾಳ" ಅಂತ ಯಾರಾದರೂ ಅಂದರೆ ಅನ್ನಲಿ. ಗಂಡಸರು ಕಟ್ಟೆ ಮೇಲೆ ಕೂತಾಗ ನಾವೇನು ಕೇಳಿದ್ದೇವಾ?

ಈಗ ನಮಗೆ ಅಕ್ಷರ ಬಂದಿದೆ. ಅದನ್ನೂ ಹಿತ್ತಲಿಗೆ ಹಚ್ಚೋಣ. ಬಳ್ಳಿಯಲ್ಲೇ ಒಣಗಿದ ಹೀರೆ, ಸೋರೆಯ ಬೀಜ ತೆಗೆದು, ಬೂದಿ ಬೆರೆಸಿ, ಕಾಗದದ ಪೊಟ್ಟಣ ಕಟ್ಟಿ. ಮೇಲೆ ಬರೆಯಿರಿ: ಯಾವ ಬೀಜ, ಯಾವ ತಿಂಗಳು ತೆಗೆದದ್ದು, ಯಾರು ಕೊಟ್ಟದ್ದು. ಮೃಗಶಿರ ಮಳೆಗೆ ಪೊಟ್ಟಣ ಬಿಚ್ಚಿದಾಗ ಹೀರೆ ಯಾವುದು, ಸೋರೆ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ಎರಡು ಪೊಟ್ಟಣ ಹೆಚ್ಚಿಗೆ ಕಟ್ಟಿರಿ. ಕಲಿಕೆಯ ಕೇಂದ್ರಕ್ಕೆ ಬರುವಾಗ ತನ್ನಿರಿ. ಕಂಪ್ಲಿಯ ಬದನೆ ಹೊಸಪೇಟೆಗೆ, ಹೊಸಪೇಟೆಯ ಅವರೆ ಸಂಡೂರಿಗೆ ಹೋಗಲಿ, ಪೊಟ್ಟಣದ ಮೇಲೆ ನಿಮ್ಮ ಹೆಸರು ಹೊತ್ತು.