ಹತ್ತರ ಮುಂದೆ ಒಂದು

ಮಕ್ಕಳೇ, ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮೈದಾನಗಳಲ್ಲಿ ನೀವು ಬರಿಗಾಲಲ್ಲೇ ಚೆಂಡು ಒದೆಯುತ್ತೀರಲ್ಲ? ಹಾಗೆಯೇ ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿದವರು ಬೆಂಗಳೂರಿನ ಅಹ್ಮದ್ ಖಾನ್.

ಹುಟ್ಟಿದ್ದು 1926ರಲ್ಲಿ. ಮುಂಪಡೆಯ ಎಡಭಾಗದಲ್ಲಿ ಆಡುತ್ತಿದ್ದರು. ಚೆಂಡು ಇವರು ಹೇಳಿದಂತೆ ಕೇಳುತ್ತಿತ್ತು. ಅದಕ್ಕೇ ಜನ ‘ಹಾವಾಡಿಗ’ ಎಂದರು. ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆ ಇವರೂ ಸೇರಿ ‘ಪಂಚ ಪಾಂಡವರು’ ಎನಿಸಿಕೊಂಡರು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಭಾರತ ಎರಡು ಪೆನಾಲ್ಟಿ ಕಳೆದುಕೊಂಡು ಫ್ರಾನ್ಸ್‌ಗೆ 2-1ರಿಂದ ಸೋತಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ಎದುರು 10-1ರ ಸೋಲು. ಆಟ ಇನ್ನೇನು ಮುಗಿಯಬೇಕು, ಗೆಲ್ಲುವ ಆಸೆ ಯಾವಾಗಲೋ ಹೋಗಿತ್ತು. ಆಗಲೂ ಓಡುವುದನ್ನು ಬಿಡದೆ ಭಾರತದ ಆ ಒಂದೇ ಗೋಲು ಹೊಡೆದವರು ಅಹ್ಮದ್ ಖಾನ್! ಆ ಸೋಲಿನ ನಂತರ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

2017ರಲ್ಲಿ, ತೊಂಬತ್ತು ದಾಟಿದ ಮೇಲೆ, ಅವರು ತೀರಿಕೊಂಡರು.

ಅಜ್ಜ-ಅಜ್ಜಿಯರೇ, ಸೋಲುತ್ತಿದ್ದೇವೆಂದು ಮೊಮ್ಮಕ್ಕಳು ಅರ್ಧಕ್ಕೇ ಆಟ ಬಿಟ್ಟು ಬಂದರೆ, ಈ ಒಂದು ಗೋಲಿನ ಕಥೆ ಹೇಳಿ.