ಮುಷ್ಟಿಯೊಳಗಿನ ಪಿಸ್ತೂಲು: ರಕ್ಷೆಯೋ, ಕುತೂಹಲವೋ?

ದೊಡ್ಡದನ್ನು ಚಿಕ್ಕದಾಗಿಸಿ ನೋಡುವ ಚಪಲ ಮನುಷ್ಯನಿಗೆ ಹೊಸದಲ್ಲ. ಅಕ್ಕಿಕಾಳಿನ ಮೇಲೆ ಹೆಸರು ಬರೆದುಕೊಡುವವರನ್ನು ನಾವು ಜಾತ್ರೆಗಳಲ್ಲಿ ಕಂಡಿದ್ದೇವೆ. ಬೆಂಕಿಪೊಟ್ಟಣದ ಗಾತ್ರದ ಭಗವದ್ಗೀತೆಯನ್ನು ದೇವರ ಗೂಡಿನಲ್ಲಿಟ್ಟು ಪೂಜಿಸುವ ಮನೆಗಳೂ ಉಂಟು. ಈ ಚಪಲವು ಆಯುಧಗಳನ್ನೂ ಬಿಟ್ಟಿಲ್ಲ. ಕಳೆದ ಎರಡು ಶತಮಾನಗಳಲ್ಲಿ ಅಮೆರಿಕ ಮತ್ತು ಯುರೋಪಿನ ಕುಶಲಿಗಳು ಅಂಗೈಯಲ್ಲಿ ಅಡಗುವ, ಗಡಿಯಾರದ ಸರಪಳಿಗೆ ತೂಗುವ, ಬೆರಳಿಗೆ ಉಂಗುರವಾಗುವ ಪಿಸ್ತೂಲುಗಳನ್ನು ಮಾಡಿ ಮಾರಿದರು. ಇವುಗಳಿಂದ ನಿಜವಾಗಿ ಯಾರಿಗಾದರೂ ರಕ್ಷಣೆ ದೊರೆಯಿತೇ? ಇಂದಿಗೂ ಸಂಗ್ರಾಹಕರು ಇವುಗಳಿಗಾಗಿ ಹಂಬಲಿಸುವುದೇಕೆ? ಇಂಥದೊಂದು ವಸ್ತು ಅಜ್ಜನ ಹಳೆಯ ಪೆಟ್ಟಿಗೆಯಲ್ಲಿ ದೊರೆತರೆ ಮನೆಯವರು ಮಾಡಬೇಕಾದುದೇನು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಒಂದೇ ಗುಂಡಿನ ಡೆರಿಂಜರ್

ಕಿಸೆಯ ಪಿಸ್ತೂಲಿನ ಮಾತು ಬಂದೊಡನೆ ಮೊದಲು ನೆನಪಾಗುವ ಹೆಸರು ಅಮೆರಿಕದ ಫಿಲಡೆಲ್ಫಿಯಾ ನಗರದ ಹೆನ್ರಿ ಡೆರಿಂಜರ್‌ನದು. ಅವನು ಮಾಡಿದ ಗಿಡ್ಡ ನಳಿಗೆಯ ಪಿಸ್ತೂಲು ಎಷ್ಟು ಜನಪ್ರಿಯವಾಯಿತೆಂದರೆ, ಮುಂದೆ ಯಾರೇ ಮಾಡಿದ ಕಿರುಪಿಸ್ತೂಲಿಗೂ ಅದೇ ಹೆಸರು ಅಂಟಿಕೊಂಡಿತು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಜಾನ್ ವಿಲ್ಕ್ಸ್ ಬೂತ್ ಎಂಬ ನಟನು ಅಧ್ಯಕ್ಷ ಅಬ್ರಹಾಂ ಲಿಂಕನ್‌ರನ್ನು ಕೊಂದದ್ದು ಇಂಥ ಪಿಸ್ತೂಲಿನಿಂದಲೇ. ಅದರ ಉದ್ದ ಆರು ಅಂಗುಲಕ್ಕೂ ಕಡಿಮೆ. ಅದು ಇಂದಿಗೂ ಅದೇ ನಾಟಕಶಾಲೆಯ ವಸ್ತುಸಂಗ್ರಹಾಲಯದಲ್ಲಿದೆ.

ಈ ದುರಂತವು ಕಿರುಪಿಸ್ತೂಲಿನ ಶಕ್ತಿ ಮತ್ತು ಮಿತಿ ಎರಡನ್ನೂ ತಿಳಿಸುತ್ತದೆ. ಕೊಲೆಗಾರನು ಅದನ್ನು ಯಾರಿಗೂ ಕಾಣದಂತೆ ಒಳಗೆ ಒಯ್ದನು. ಬೆನ್ನ ಹಿಂದೆ ಕೈಯಳತೆಯಲ್ಲೇ ನಿಂತು ಗುಂಡು ಹಾರಿಸಿದನು. ಆದರೆ ಅದರಲ್ಲಿದ್ದುದು ಒಂದೇ ಗುಂಡು. ಪಕ್ಕದಲ್ಲಿದ್ದ ಮೇಜರ್ ರಾತ್‌ಬೋನ್ ಮೇಲೆರಗಿದಾಗ ಬೂತ್ ಪಿಸ್ತೂಲನ್ನು ಕೈಬಿಟ್ಟು ಚೂರಿ ಎತ್ತಬೇಕಾಯಿತು. ಹೊಂಚು ಹಾಕಿದವನಿಗೆ ಒದಗಿದ ಆಯುಧ, ಎದುರಿಸಿ ನಿಲ್ಲಬೇಕಾದಾಗ ಒದಗಲಿಲ್ಲ.

ಈ ಕೊರತೆಯನ್ನು ತುಂಬಲೆಂದು ರೆಮಿಂಗ್ಟನ್ ಕಂಪೆನಿಯು 1866ರಲ್ಲಿ ಒಂದರ ಮೇಲೊಂದು ನಳಿಗೆಯಿರುವ ಜೋಡಿ ಪಿಸ್ತೂಲನ್ನು ಹೊರತಂದಿತು. 1935ರವರೆಗೂ ಅದರ ತಯಾರಿಕೆ ನಡೆಯಿತು.

ನಾಯಿಗೆ ಹೆದರಿದ ಸವಾರರು

ಯುರೋಪಿನಲ್ಲಿ ಕಲ್ಪನೆ ಇನ್ನೂ ದೂರ ಓಡಿತು. ಫ್ರಾನ್ಸಿನ ಜಾಕ್ ಟುರ್ಬಿಯೊ 1882ರಲ್ಲಿ ಹಕ್ಕುಪತ್ರ ಪಡೆದ ‘ಪ್ರೊಟೆಕ್ಟರ್’ ನೋಡಲು ಪಿಸ್ತೂಲಿನಂತಿರಲೇ ಇಲ್ಲ. ಅದೊಂದು ಚಪ್ಪಟೆಯಾದ ಗುಂಡು ಡಬ್ಬಿ. ಅದರೊಳಗೆ ಕಾಡತೂಸುಗಳು ಗಾಲಿಯ ಅರಗಳಂತೆ ಸುತ್ತಲೂ ಕುಳಿತಿರುತ್ತಿದ್ದವು. ಡಬ್ಬಿಯನ್ನು ಅಂಗೈಯಲ್ಲಿಟ್ಟು ಬೆರಳುಗಳ ನಡುವಿನಿಂದ ನಳಿಗೆಯನ್ನು ಹೊರಚಾಚಿ ಮುಷ್ಟಿ ಬಿಗಿದರೆ ಗುಂಡು ಹಾರುತ್ತಿತ್ತು.

ಬೈಸಿಕಲ್ಲಿನ ಹುಚ್ಚು ಹಬ್ಬಿದ ಕಾಲದಲ್ಲಿ ಸವಾರರ ಬೆನ್ನಟ್ಟುವ ನಾಯಿಗಳ ಕಾಟವೂ ಹೆಚ್ಚಿತು. ಅದಕ್ಕೆಂದೇ ಪ್ಯಾರಿಸ್ಸಿನ ಗಾಲಾಂ 1894ರ ಸುಮಾರಿಗೆ ‘ವೆಲೊ-ಡಾಗ್’ ಎಂಬ ಕಿರು ರಿವಾಲ್ವರನ್ನು ತಂದನು. ನಾಯಿಯನ್ನು ಕೊಲ್ಲಲು ಮನಸ್ಸಿಲ್ಲದವರಿಗೆ ಮೆಣಸಿನ ಪುಡಿ ತುಂಬಿದ ಕಾಡತೂಸುಗಳೂ ದೊರೆಯುತ್ತಿದ್ದುವಂತೆ! ನಮ್ಮ ಹಳ್ಳಿಯ ಸವಾರನು ಕೈಯ ಕೋಲಿನಿಂದ ಮಾಡುವ ಕೆಲಸಕ್ಕೆ ಅಲ್ಲಿ ಒಂದು ಕಾರ್ಖಾನೆಯೇ ದುಡಿಯಿತು.

ಹಕ್ಕಿಯ ಹೆಸರಿನ ಪಿಸ್ತೂಲು

ಈ ಸಾಲಿನಲ್ಲಿ ಅತ್ಯಂತ ಸೋಜಿಗದ ವಸ್ತು ಆಸ್ಟ್ರಿಯಾ ದೇಶದ ‘ಕೋಲಿಬ್ರಿ’. ಜರ್ಮನ್ ಭಾಷೆಯಲ್ಲಿ ಇದು ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತು ಮಕರಂದ ಹೀರುವ ಅತಿ ಪುಟ್ಟ ಹಕ್ಕಿಯ ಹೆಸರು. ಇದನ್ನು ರೂಪಿಸಿದ ಫ್ರಾಂಜ್ ಫಾನ್ಲ್ ವೃತ್ತಿಯಿಂದ ಗಡಿಯಾರಗಳನ್ನು ಮಾಡುವವನು; ಆ ಕಸುಬಿನ ನಾಜೂಕು ಪಿಸ್ತೂಲಿನ ಒಂದೊಂದು ಅಂಗದಲ್ಲೂ ಕಾಣುತ್ತದೆ. 1914ರಲ್ಲಿ ಮಾರುಕಟ್ಟೆಗೆ ಬಂದ ಇದರ ಗುಂಡಿನ ಅಡ್ಡಳತೆ 2.7 ಮಿಲಿಮೀಟರ್, ತೂಕ 0.2 ಗ್ರಾಮ್. ನಮ್ಮ ಅಕ್ಕಸಾಲಿಗರ ಲೆಕ್ಕದಲ್ಲಿ ಹೇಳಬೇಕೆಂದರೆ ಎರಡು ಗುಲಗಂಜಿಯೂ ತೂಗದು.

ಅಷ್ಟು ಸಣ್ಣ ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳನ್ನು ಕೊರೆಯುವುದು ಅಂದಿನ ಯಂತ್ರಗಳಿಂದ ಆಗಲಿಲ್ಲ. ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಸಾಗಿಸುವುದು ಆ ಗೀರುಗಳೇ. ಅವಿಲ್ಲದ ಮೇಲೆ ಗುರಿಯ ಮಾತು ದೂರವೇ ಉಳಿಯಿತು. ಅದರ ಹೊಡೆತದ ಬಲವಾದರೂ ಸುಮಾರು 4 ಜೂಲ್. ಎಂದರೆ ಒಂದು ಕಿಲೋ ತೂಕದ ತೆಂಗಿನಕಾಯಿ ಮೊಣಕಾಲಿನ ಎತ್ತರಕ್ಕಿಂತ ಕೆಳಗಿನಿಂದ ಬಿದ್ದಷ್ಟು. ಇದನ್ನು ಆತ್ಮರಕ್ಷಣೆಯ ಸಾಧನವೆಂದೇ ಮಾರಿದರೆಂಬುದು ಈಗ ನಗೆ ತರಿಸುತ್ತದೆ.

ಇದಕ್ಕೂ ಕಿರಿದಾದದ್ದು ನಮ್ಮ ಕಾಲದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಯಿತು. ‘ಸ್ವಿಸ್ ಮಿನಿಗನ್’ ಎಂಬ ಆ ರಿವಾಲ್ವರಿನ ಉದ್ದ ಐದೂವರೆ ಸೆಂಟಿಮೀಟರ್, ತೂಕ 19.8 ಗ್ರಾಮ್, ಎಂದರೆ ಎರಡು ತೊಲಕ್ಕೂ ಕಡಿಮೆ. ಚಿನ್ನದಲ್ಲಿ ಮಾಡಿ ಹರಳು ಕೂರಿಸಿದ ಮಾದರಿಗಳೂ ಉಂಟು. ಇದರ ಬಲ ಒಂದು ಜೂಲಿನಷ್ಟು ಮಾತ್ರ. ಆದರೆ ಇದರ ತಯಾರಕರು ಇದನ್ನು ಸಂಗ್ರಾಹಕರ ವಸ್ತುವೆಂದೇ ಕರೆದರು.

ಚಿಕ್ಕದಾದಷ್ಟೂ ಕಷ್ಟ

ಚಿಕ್ಕ ಪಿಸ್ತೂಲು ದುರ್ಬಲವಾಗಲು ಕಾರಣ ಸರಳವಾದುದು. ಮದ್ದು ಉರಿದಾಗ ಹುಟ್ಟುವ ಅನಿಲವು ನಳಿಗೆಯ ಉದ್ದಕ್ಕೂ ಗುಂಡನ್ನು ತಳ್ಳುತ್ತದೆ. ನಳಿಗೆ ಗಿಡ್ಡವಾದರೆ ತಳ್ಳುವ ಅವಧಿಯೂ ಗಿಡ್ಡ. ಮದ್ದಿನ ಬಲದ ಒಂದು ಪಾಲು ಹೊರಗೆ ಬೆಂಕಿಯಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಹಿಡಿಯಲ್ಲಿ ಎರಡೇ ಬೆರಳು ಕೂರುವುದರಿಂದ ಗುಂಡು ಹಾರಿದೊಡನೆ ಕೈ ಅಲುಗುತ್ತದೆ. ಗುರಿ ನೋಡುವ ಹಿಂದಿನ ಮತ್ತು ಮುಂದಿನ ಗುರುತುಗಳ ನಡುವೆ ಅಂತರ ಕಡಿಮೆಯಾದ್ದರಿಂದ ಕೂದಲೆಳೆಯಷ್ಟು ತಪ್ಪೂ ಹತ್ತು ಹೆಜ್ಜೆಯಾಚೆ ದೊಡ್ಡ ತಪ್ಪಾಗುತ್ತದೆ. ಇನ್ನು ಭಯದಿಂದ ನಡುಗುವ ಬೆರಳುಗಳಿಂದ ಗೋಧಿಕಾಳಿನಂಥ ಕಾಡತೂಸನ್ನು ತುಂಬುವ ಪಾಡನ್ನು ಓದುಗರೇ ಊಹಿಸಬಹುದು.

ಉಪಯುಕ್ತತೆ ಮತ್ತು ಕಿರಿತನಗಳ ನಡುವೆ ಒಂದು ಹದವನ್ನು ಕಂಡವನು ಅಮೆರಿಕದ ಜಾನ್ ಬ್ರೌನಿಂಗ್. ಅವನ ಮಾದರಿಯಂತೆ ಕೋಲ್ಟ್ ಕಂಪೆನಿಯು 1908ರಿಂದ ಮಾರಿದ ಕಿಸೆಯ ಪಿಸ್ತೂಲಿನ ಕಾಡತೂಸು 6.35 ಮಿಲಿಮೀಟರಿನದು. ಅದರ ಬಲ ಕೋಲಿಬ್ರಿಗಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ಈ ಪಿಸ್ತೂಲುಗಳು ಲಕ್ಷಗಟ್ಟಲೆ ಮಾರಾಟವಾದವು. ಆದರೂ ಪಿಸ್ತೂಲುಗಳ ಸಾಲಿನಲ್ಲಿ ಇದು ದುರ್ಬಲವೆಂದೇ ಎಣಿಕೆ. ದುರ್ಬಲವೆಂದರೆ ನಿರಪಾಯವೆಂದಲ್ಲ. ಎರಗಿ ಬಂದವನನ್ನು ತಡೆದು ನಿಲ್ಲಿಸಲಾರದ ಗುಂಡು, ಆಟಿಕೆಯೆಂದು ಎತ್ತಿಕೊಂಡ ಮಗುವಿನ ಪ್ರಾಣವನ್ನು ತೆಗೆಯಬಲ್ಲದು.

ಸಂಗ್ರಾಹಕರ ಕಣ್ಣು

ಹಾಗಿದ್ದರೆ ಇವುಗಳ ಬೆಲೆ ಯಾವುದರಲ್ಲಿದೆ? ಕೈಗೆಲಸದ ನಾಜೂಕಿನಲ್ಲಿ, ವಿರಳತೆಯಲ್ಲಿ, ಕಾಲದ ಕಥೆಯಲ್ಲಿ. ಕೋಲಿಬ್ರಿ ಪಿಸ್ತೂಲುಗಳು ತಯಾರಾದದ್ದು ಸುಮಾರು ಒಂದು ಸಾವಿರ ಎನ್ನುತ್ತಾರೆ. ಅದರ ಒಂದು ಬಿಡಿ ಕಾಡತೂಸನ್ನು ಕೂಡ ಸಂಗ್ರಾಹಕರು ಹಣ ತೆತ್ತು ಕೊಳ್ಳುತ್ತಾರೆ. ರೆಮಿಂಗ್ಟನ್ ಜೋಡಿ ಪಿಸ್ತೂಲನ್ನು ಕೊಳ್ಳುವವರು ಮೊದಲು ನೋಡುವುದು ನಳಿಗೆಯನ್ನಲ್ಲ, ಮೇಲಿನ ಕೀಲನ್ನು. ಬಹಳಷ್ಟು ಪಿಸ್ತೂಲುಗಳಲ್ಲಿ ಅದು ಬಿರುಕು ಬಿಟ್ಟಿರುತ್ತದೆ. ಮೂಲದ ಪೆಟ್ಟಿಗೆ ಜೊತೆಗಿದ್ದರೆ ಬೆಲೆ ಏರುತ್ತದೆ. ಹೊಸದಾಗಿ ಮೆರುಗು ಕೊಟ್ಟರೆ ಇಳಿಯುತ್ತದೆ. ಹುಣಿಸೆಹಣ್ಣು ಹಾಕಿ ತಿಕ್ಕಿದ ಹಳೆಯ ನಾಣ್ಯದ ಗತಿಯೇ ಅದಕ್ಕೂ.

ನಮ್ಮ ಮನೆಗಳಲ್ಲಿ

ನಮ್ಮ ದೇಶದಲ್ಲೂ ಕಿರುಪಿಸ್ತೂಲಿನ ಪ್ರಶ್ನೆ ಎದ್ದದ್ದುಂಟು. ದೆಹಲಿಯ 2012ರ ಘೋರ ಕೃತ್ಯದ ತರುವಾಯ, 2014ರಲ್ಲಿ ಕಾನ್ಪುರದ ಸರಕಾರಿ ಆಯುಧ ಕಾರ್ಖಾನೆಯು ಮಹಿಳೆಯರ ಕೈಚೀಲಕ್ಕೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ತಂದಿತು. ಅದರ ತೂಕ ಸುಮಾರು ಅರ್ಧ ಕಿಲೋ. ಬೆಲೆ ಆಗ 1 ಲಕ್ಷ 22 ಸಾವಿರ ರೂಪಾಯಿಗೂ ಮೇಲೆ. ದಿನವೂ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ ಎಷ್ಟು ಮಂದಿ ಹೆಣ್ಣುಮಕ್ಕಳಿಗೆ ಅದು ನಿಲುಕೀತು? ಕೊಂಡರೂ, ತುಂಬಿದ ಬಸ್ಸಿನಲ್ಲಿ ಅದನ್ನು ಹೊರತೆಗೆದು ಬಳಸುವ ಅಭ್ಯಾಸ ಎಲ್ಲಿಂದ ಬಂದೀತು? ಬೆಳಕಿರುವ ಬೀದಿ, ಕರೆದೊಡನೆ ಬರುವ ನೆರೆಯವರು, ದೂರು ಕೇಳುವ ಠಾಣೆ, ಇವು ಕೊಡುವ ಧೈರ್ಯವನ್ನು ಕೈಚೀಲದ ಲೋಹ ಕೊಡಲಾರದೆಂದು ನಾವು ತಿಳಿಯುತ್ತೇವೆ.

ಇನ್ನು ಹಿರಿಯರ ಪೆಟ್ಟಿಗೆಯ ಮಾತು. 1959ರ ಆಯುಧ ಕಾಯಿದೆಯು ಕೇಂದ್ರದ ಕಾನೂನಾದ್ದರಿಂದ ಕಾಸರಗೋಡಿನಲ್ಲಿರಲಿ, ಸೊಲ್ಲಾಪುರದಲ್ಲಿರಲಿ, ಆದವಾನಿಯಲ್ಲಿರಲಿ, ನಮ್ಮೆಲ್ಲರಿಗೂ ಅದು ಒಂದೇ. ಮದ್ದಿನ ಬಲದಿಂದ ಗುಂಡು ಹಾರಿಸುವ ಸಾಧನ ಬೆರಳುದ್ದದ್ದಾದರೂ ಪರವಾನಗಿ ಬೇಕು. ಪರವಾನಗಿ ಹೊಂದಿದ ಹಿರಿಯರು ತೀರಿಕೊಂಡರೆ, ಅವರ ಆಯುಧವನ್ನು ಅನಗತ್ಯವಾಗಿ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಒಪ್ಪಿಸಬೇಕು. ವಾರಸುದಾರರು ಅದನ್ನು ಉಳಿಸಿಕೊಳ್ಳಬೇಕೆಂದರೆ ತಮ್ಮ ಹೆಸರಿನಲ್ಲಿ ಪರವಾನಗಿ ಪಡೆಯಬೇಕು. 2019ರ ತಿದ್ದುಪಡಿಯ ತರುವಾಯ, ವಂಶಪಾರಂಪರ್ಯವಾಗಿ ಬಂದುದೂ ಸೇರಿ, ಸಾಮಾನ್ಯವಾಗಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಸಲ್ಲದು. ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಪುರಾತನ ವಸ್ತುಗಳಿಗೆ ಕಾಯಿದೆಯಲ್ಲಿ ವಿನಾಯಿತಿಯುಂಟು. ಆದರೆ ನಮ್ಮದು ಅಂಥದೇ ಎಂದು ಮನೆಯಲ್ಲಿ ಕುಳಿತು ನಿರ್ಣಯಿಸುವುದು ಸಲ್ಲದು. ಇಂಥದೇನಾದರೂ ದೊರೆತರೆ ಕುದುರೆ ಎಳೆದು ನೋಡುವ, ಮಕ್ಕಳ ಕೈಗೆ ಕೊಡುವ ಸಾಹಸ ಬೇಡ. ತಿಳಿದವರು ಬಂದು ನೋಡುವವರೆಗೆ ಅದರೊಳಗೆ ಗುಂಡು ಇದೆಯೆಂದೇ ಭಾವಿಸುವುದು ಲೇಸು.

ಗಡಿಯಾರ ಮಾಡುವವನ ಬೆರಳು ಲೋಹದಲ್ಲಿ ಮೂಡಿಸಿದ ಸೊಗಸನ್ನು ಮೆಚ್ಚದಿರಲು ನಮಗೆ ಸಾಧ್ಯವಿಲ್ಲ. ಆ ಮೆಚ್ಚುಗೆ ವಸ್ತುಸಂಗ್ರಹಾಲಯದ ಗಾಜಿನ ಮುಂದೆ ನಿಂತು ಸಲ್ಲಿಸುವಂಥದು. ದಿಂಬಿನಡಿಯಲ್ಲಿ ಇರಿಸಿಕೊಂಡು ಮಲಗುವಂಥದಲ್ಲ.